ಎಣ್ಣೆಯಲ್ಲದ ಎಣ್ಣೆ: ಉಪ್ಪಿನ ಆಗರದಿಂದ ಸೀಸೆಗೆ ಬಂದ ಮೆಗ್ನೀಷಿಯಂ

ಊರಿನ ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಕಲ್ಲುಪ್ಪು ತುಂಬಿಸಿಟ್ಟ ಮರದ ಮರಿಗೆಯನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಆಟಿಯ ಮಳೆ ಹಿಡಿಯಿತೆಂದರೆ ಉಪ್ಪು ನೀರೊಡೆಯುತ್ತದೆ. ಮರಿಗೆಯ ಅಡಿಯಲ್ಲಿ ಜಿನುಗಿ ನಿಂತ ಆ ನೀರನ್ನು ಬೆರಳಿನಲ್ಲಿ ಮುಟ್ಟಿದರೆ ಎಣ್ಣೆಯಂತೆ ಜಾರುತ್ತದೆ. ನಾಲಿಗೆಗೆ ತಾಗಿಸಿದರೆ ಉಪ್ಪಿಗಿಂತ ಕಹಿಯೇ ಹೆಚ್ಚು. ಅಜ್ಜಿಯಂದಿರು ಅದನ್ನು ಹಿಂದುಮುಂದು ನೋಡದೆ ತೆಂಗಿನ ಬುಡಕ್ಕೋ ಅಂಗಳಕ್ಕೋ ಚೆಲ್ಲಿಬಿಡುತ್ತಿದ್ದರು.

ಅದೇ ಜಾತಿಯ ನೀರು ಇಂದು ಚಿಮುಕಿಸುವ ಮುಚ್ಚಳವಿರುವ ಚೆಂದದ ಸೀಸೆಯಲ್ಲಿ ತುಂಬಿ 'ಮೆಗ್ನೀಷಿಯಂ ಆಯಿಲ್' ಎಂಬ ಹೆಸರಿನಲ್ಲಿ ಮಹಾನಗರಗಳ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಮೊಣಕಾಲು ನೋವಿಗೆ, ರಾತ್ರಿ ಕಾಲು ಹಿಡಿದುಕೊಳ್ಳುವುದಕ್ಕೆ, ನಿದ್ರೆ ಬಾರದಿರುವುದಕ್ಕೆ, ಒಣಚರ್ಮಕ್ಕೆ ಹೀಗೆ ಎಲ್ಲದಕ್ಕೂ ಇದನ್ನೇ ಹಚ್ಚಿಕೊಳ್ಳಿ ಎಂಬ ಸಲಹೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ. ಅರಸಿನ ಕುಂಕುಮದ ಕೂಟದಲ್ಲಿ, ಹಿರಿಯ ನಾಗರಿಕರ ಬೆಳಗಿನ ವಾಕಿಂಗಿನಲ್ಲಿ ಇದರ ಮಾತು ಬಂದರೆ ಆಶ್ಚರ್ಯವಿಲ್ಲ. ಆದರೆ ಈ ಎಣ್ಣೆ ಯಾವ ಬೀಜದಿಂದ ಬರುತ್ತದೆ, ಯಾವ ಗಾಣದಲ್ಲಿ ತಯಾರಾಗುತ್ತದೆ ಎಂದು ಕೇಳಿದರೆ ಹಚ್ಚಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಬೀಜವೂ ಇಲ್ಲ, ಗಾಣವೂ ಇಲ್ಲ. ಇದು ಎಣ್ಣೆಯೇ ಅಲ್ಲ. ಮೆಗ್ನೀಷಿಯಂ ಕ್ಲೋರೈಡ್ ಎಂಬ ಲವಣವನ್ನು ನೀರಿನಲ್ಲಿ ದಟ್ಟವಾಗಿ ಕರಗಿಸಿದ ದ್ರಾವಣ, ಅಷ್ಟೇ. ಸಾಮಾನ್ಯವಾಗಿ ಇದರಲ್ಲಿ ಶೇ. 31ರ ಸುಮಾರಿಗೆ ಆ ಲವಣವಿರುತ್ತದೆ. ಶೇ. 35 ದಾಟಿದರೆ ಕೋಣೆಯ ಉಷ್ಣತೆಯಲ್ಲಿ ಇನ್ನಷ್ಟು ಕರಗಲಾರದೆ ಹರಳುಗಟ್ಟುತ್ತದೆ. ಈ ಲವಣಕ್ಕೆ ನೀರಿನ ಮೇಲೆ ವಿಪರೀತ ಆಸೆ. ಗಾಳಿಯ ತೇವವನ್ನು ಕೂಡಾ ಹೀರಿಕೊಂಡು ತಾನೇ ಕರಗುತ್ತದೆ. ಮರಿಗೆಯ ಕಲ್ಲುಪ್ಪು ಮಳೆಗಾಲದಲ್ಲಿ ನೀರೊಡೆಯುವುದಕ್ಕೆ ಮುಖ್ಯ ಕಾರಣವೂ ಹರಳುಗಳಿಗೆ ಅಂಟಿಕೊಂಡು ಬಂದ ಈ ಮೆಗ್ನೀಷಿಯಂ ಕ್ಲೋರೈಡೇ. ಚರ್ಮದ ಮೇಲೆ ಹಚ್ಚಿದಾಗ ಬೇಗನೆ ಆರದೆ ಜಿಡ್ಡುಜಿಡ್ಡಾಗಿ ಕುಳಿತುಕೊಳ್ಳುವುದರಿಂದ 'ಎಣ್ಣೆ' ಎಂಬ ಹೆಸರು ಅಂಟಿತು.

ಆಗರದ ಕೊನೆಯ ನೀರು

ಪಶ್ಚಿಮ ರೈಲ್ವೆಯಲ್ಲಿ ಭಾಯಂದರ್ ದಾಟಿ ನಾಯಗಾಂವ್, ವಸಾಯಿಯತ್ತ ಸಾಗುವವರು ಕಿಟಕಿಯ ಹೊರಗೆ ಚೌಕಚೌಕವಾಗಿ ಕಟ್ಟಿದ ಉಪ್ಪಿನ ಗದ್ದೆಗಳನ್ನು ಕಂಡಿರುತ್ತಾರೆ. ಮರಾಠಿಯಲ್ಲಿ ಅದು ಮಿಠಾಗರ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಅದನ್ನೇ ಉಪ್ಪಿನ ಆಗರ ಎನ್ನುತ್ತಾರೆ. ಗುಜರಾತಿನಲ್ಲಿ ಅದು ಅಗರ್, ಅಲ್ಲಿ ದುಡಿಯುವವರು ಅಗರಿಯಾಗಳು. ಭಾಷೆ ಬೇರೆಯಾದರೂ ಮಾತು ಒಂದೇ, ಕೆಲಸವೂ ಒಂದೇ. (ಪೂರ್ವ ಉಪನಗರದ ಕಾಂಜೂರ್‌ಮಾರ್ಗ, ಭಾಂಡುಪ್, ಮುಲುಂಡ್ ಕಡೆಯ ಉಪ್ಪಿನ ಭೂಮಿಯಲ್ಲಿ ಸುಮಾರು 256 ಎಕರೆಯನ್ನು ಧಾರಾವಿಯ ಪುನರ್ವಸತಿಗೆ ಕೊಡುವ ತೀರ್ಮಾನ 2024ರಲ್ಲಿ ಆಗಿದೆ. ಮುಂದಿನ ತಲೆಮಾರಿನ ಮುಂಬಯಿಕರರಿಗೆ ಆಗರ ತೋರಿಸಲು ಇನ್ನಷ್ಟು ದೂರ ಹೋಗಬೇಕಾದೀತು.)

ಆಗರದಲ್ಲಿ ನಡೆಯುವುದು ಬಿಸಿಲಿನ ಅಡುಗೆ. ಸಮುದ್ರದ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಹೋದಂತೆ ನೀರು ಆವಿಯಾಗಿ ಉಪ್ಪಿನಂಶ ದಟ್ಟವಾಗುತ್ತದೆ. ಈ ದಟ್ಟತೆಯನ್ನು ಅಳೆಯುವ ಮಾಪಕಕ್ಕೆ ಬೋಮೆ ಎಂದು ಹೆಸರು. ಸಮುದ್ರದ ನೀರು ಮೂರು, ಮೂರೂವರೆ ಡಿಗ್ರಿ ಬೋಮೆ ಇರುತ್ತದೆ. ಅದು ಹದಿನೈದರ ಆಸುಪಾಸಿಗೆ ಏರುವಾಗ ಮೊದಲು ಜಿಪ್ಸಂ ತಳಕ್ಕೆ ಇಳಿಯುತ್ತದೆ. ಇಪ್ಪತ್ತೈದು ದಾಟಿದ ಮೇಲೆ ನಾವು ತಿನ್ನುವ ಉಪ್ಪು ಹರಳುಗಟ್ಟಲು ಶುರು. ಇಪ್ಪತ್ತೊಂಬತ್ತು, ಮೂವತ್ತರ ಹೊತ್ತಿಗೆ ಅನುಭವಿಯಾದ ಆಗರದವನು ಕೈ ತಡೆಯುತ್ತಾನೆ. ಆಮೇಲೂ ನೀರನ್ನು ಬಿಟ್ಟರೆ ಉಪ್ಪಿನೊಂದಿಗೆ ಕಹಿಯೂ ಇಳಿದು ಮಾಲು ಕೆಡುತ್ತದೆ. ಉಪ್ಪನ್ನು ಬಾಚಿ ತೆಗೆದ ಮೇಲೆ ಗದ್ದೆಯಲ್ಲಿ ಉಳಿಯುವ ಆ ಕಹಿನೀರಿಗೆ ಉದ್ಯಮದವರು 'ಬಿಟರ್ನ್' ಎನ್ನುತ್ತಾರೆ. ಸಮುದ್ರದ ಮೆಗ್ನೀಷಿಯಂ, ಪೊಟ್ಯಾಷಿಯಂ, ಬ್ರೋಮಿನ್ ಎಲ್ಲವೂ ಸೇರಿಕೊಂಡಿರುವುದು ಅದರಲ್ಲಿ. ಜಪಾನಿನಲ್ಲಿ ಸೋಯಾ ಹಾಲನ್ನು ಒಡೆಸಿ ತೋಫು ಮಾಡಲು ಬಳಸುವ ನಿಗಾರಿ ಎಂಬುದೂ ಇದರದ್ದೇ ಬಂಧು.

ಚಿಕ್ಕ ಆಗರಗಳಲ್ಲಿ ಕಹಿನೀರಿಗೆ ಬೆಲೆಯಿಲ್ಲ, ಅದನ್ನು ಹೊರಗೆ ಬಿಟ್ಟುಬಿಡುವುದೇ ಹೆಚ್ಚು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಷಿಯಂ ಇರುತ್ತದೆ. ನೂರು ಮಿಲಿಲೀಟರ್ 'ಎಣ್ಣೆ'ಯಲ್ಲಿರುವುದು ಸುಮಾರು ಹತ್ತು ಗ್ರಾಂ. ಅಂದರೆ ಒಂದು ಪುಟ್ಟ ಸೀಸೆಗೆ ಏನಿಲ್ಲವೆಂದರೂ ಎಂಟು ಲೀಟರ್ ಸಮುದ್ರ ಬೇಕು. ಸಮುದ್ರಕ್ಕೆ ಬರವಿಲ್ಲ. ಸೀಸೆಯ ಬೆಲೆಯನ್ನು ಏರಿಸುವುದು ಮೆಗ್ನೀಷಿಯಮಿನ ಅಪರೂಪವಲ್ಲ ಎಂಬುದು ಇಲ್ಲಿಗೇ ಸ್ಪಷ್ಟ.

ಗಿರಣಿಗಳಿಗಾಗಿ ಹುಟ್ಟಿದ ಕಾರ್ಖಾನೆ

ಭಾರತದಲ್ಲಿ ಮೆಗ್ನೀಷಿಯಂ ಕ್ಲೋರೈಡಿನ ಮಾತೆತ್ತಿದರೆ ಮೊದಲು ಬರುವ ಹೆಸರು ಗುಜರಾತಿನ ಖಾರಾಘೋಡಾ. ಸುರೇಂದ್ರನಗರ ಜಿಲ್ಲೆಯಲ್ಲಿ, ಕಛ್‌ನ ಸಣ್ಣ ರಣ್ ಅಂಚಿನಲ್ಲಿರುವ ಊರದು. ಬ್ರಿಟಿಷರ ಕಾಲದಲ್ಲೇ ಉಪ್ಪು ಸಾಗಿಸಲೆಂದು ಅಲ್ಲಿಗೆ ರೈಲು ಹಳಿ ಹಾಕಲಾಗಿತ್ತು. ಈ ಊರಿನ ಕಹಿನೀರಿಗೂ ಮುಂಬಯಿಯ ಬಟ್ಟೆ ಗಿರಣಿಗಳಿಗೂ ಇರುವ ಸಂಬಂಧ ಇಂದು ಹೆಚ್ಚಿನವರಿಗೆ ಮರೆತುಹೋಗಿದೆ.

ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕುವಾಗ ಮೆಗ್ನೀಷಿಯಂ ಕ್ಲೋರೈಡ್ ಬೆರೆಸುವ ಪದ್ಧತಿ ಇತ್ತು. ಗಾಳಿಯ ತೇವವನ್ನು ಹಿಡಿದಿಡುವ ಅದರ ಗುಣದಿಂದ ಗಂಜಿ ಒಣಗಿ ಬಿರುಸಾಗದೆ, ಮಗ್ಗದಲ್ಲಿ ಎಳೆ ತುಂಡಾಗುವುದು ಕಡಿಮೆಯಾಗುತ್ತಿತ್ತು. ಬಟ್ಟೆಯ ತೂಕವೂ ಸ್ವಲ್ಪ ಏರುತ್ತಿತ್ತು ಎಂಬುದು ಬೇರೆ ಮಾತು. ಮೊದಲನೆಯ ಮಹಾಯುದ್ಧದ ತನಕ ಈ ಲವಣ ಬರುತ್ತಿದ್ದುದು ಜರ್ಮನಿಯಿಂದ. 1914ರಲ್ಲಿ ಯುದ್ಧ ಶುರುವಾದ ಮೇಲೆ ಜರ್ಮನಿಯ ಮಾಲು ನಿಂತುಹೋಯಿತು, ಗಿರಣಿಗಳಿಗೆ ತಾಪತ್ರಯವಾಯಿತು. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ಖಾರಾಘೋಡಾದ ಕಹಿನೀರಿನತ್ತ ಆಗ ಕಣ್ಣು ಹಾಯಿತು. ಯುದ್ಧದ ವರ್ಷಗಳಲ್ಲೇ ಅಲ್ಲಿ ತಯಾರಿಕೆ ಆರಂಭವಾಯಿತು. ಪರೇಲ್, ಲಾಲ್‌ಬಾಗ್, ವರಳಿಯ ಗಿರಣಿಗಳಲ್ಲೂ ಅವುಗಳ ಕ್ಯಾಂಟೀನುಗಳಲ್ಲೂ ದುಡಿದ ಹಿಂದಿನ ತಲೆಮಾರಿನ ಕನ್ನಡಿಗರು ಮುಟ್ಟಿದ, ಉಟ್ಟ ಬಟ್ಟೆಯಲ್ಲಿ ರಣ್‌ನ ಲವಣ ಇದ್ದಿರಲೂ ಸಾಕು.

ವಿಚಿತ್ರವೆಂದರೆ ಇದೇ ಲವಣ ಚರ್ಮದ ಔಷಧವಾಗಿ ಸುದ್ದಿ ಮಾಡಿದ್ದೂ ಅದೇ ಯುದ್ಧದಲ್ಲಿ. ಫ್ರಾನ್ಸಿನ ಶಸ್ತ್ರಚಿಕಿತ್ಸಕ ಪಿಯೇರ್ ಡೆಲ್ಬೆ 1915ರಲ್ಲಿ ಸೈನಿಕರ ಗಾಯ ತೊಳೆಯಲು ಮೆಗ್ನೀಷಿಯಂ ಕ್ಲೋರೈಡಿನ ನೀರನ್ನು ಬಳಸಿದರು. ಆದರೆ ಅವರ ದ್ರಾವಣದಲ್ಲಿ ಇದ್ದುದು ಲೀಟರಿಗೆ ಕೇವಲ ಹನ್ನೆರಡು ಗ್ರಾಂನಷ್ಟು ಲವಣ. ಇಂದಿನ ಸೀಸೆಯ ದ್ರಾವಣ ಅದಕ್ಕಿಂತ ಎಷ್ಟೋ ಪಟ್ಟು ಖಾರ. ಡೆಲ್ಬೆಯ ಹೆಸರು ಹೇಳಿ ಮಾರುವವರು ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ಕಹಿನೀರಿನಿಂದ ಲವಣ ತೆಗೆಯುವ ಕ್ರಮ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಕಹಿನೀರನ್ನು ಬೇರೆ ಗದ್ದೆಗಳಲ್ಲಿ ಮತ್ತೆ ಬಿಸಿಲಿಗೆ ಬಿಟ್ಟು ಇನ್ನಷ್ಟು ದಟ್ಟ ಮಾಡುತ್ತಾರೆ. ಅದರಲ್ಲಿ ಅಡಗಿದ್ದ ಉಳಿದ ಉಪ್ಪು, ಪೊಟ್ಯಾಷಿಯಂ ಬೆರೆತ ಲವಣಗಳು ಆಗ ಇಳಿದುಹೋಗುತ್ತವೆ. ಸಲ್ಫೇಟ್ ಹೆಚ್ಚಿದ್ದರೆ ಕ್ಯಾಲ್ಷಿಯಂ ಕ್ಲೋರೈಡ್ ಬೆರೆಸಿ ಅದನ್ನು ಜಿಪ್ಸಂ ಆಗಿ ತಳಕ್ಕೆ ಕೂರಿಸುತ್ತಾರೆ. ಬ್ರೋಮಿನ್ ತೆಗೆಯುವ ಕಾರ್ಖಾನೆಗಳು ಅದನ್ನು ಬೇರ್ಪಡಿಸಿಕೊಳ್ಳುತ್ತವೆ. ಆಮೇಲೆ ಸೋಸಿ ಕಾಯಿಸಬೇಕು. ನೀರು ಹೋಗಿ ಹೋಗಿ ಕೊನೆಗೆ ಉಳಿಯುವ ಪಾಕ ತಣ್ಣಗಾದರೆ ಕಲ್ಲಿನಂತೆ ಗಟ್ಟಿ. ಆದ್ದರಿಂದ ಬಿಸಿ ಇರುವಾಗಲೇ ಅದನ್ನು ಪೀಪಾಯಿಗಳಿಗೆ ಸುರಿಯುತ್ತಾರೆ, ಇಲ್ಲವೇ ಒಳಗಿನಿಂದ ತಂಪು ಮಾಡಿದ ತಿರುಗುವ ಉರುಳೆಯ ಮೇಲೆ ತೆಳ್ಳಗೆ ಹರಡಿ, ಗಟ್ಟಿಯಾದ ಪದರವನ್ನು ಹೆರೆದು ಅವಲಕ್ಕಿಯಂಥ ಚಕ್ಕೆಗಳನ್ನಾಗಿ ಮಾಡುತ್ತಾರೆ. 'ಮೆಗ್ನೀಷಿಯಂ ಫ್ಲೇಕ್ಸ್' ಎಂದು ಸ್ನಾನಕ್ಕೆ ಮಾರುವುದು ಈ ಚಕ್ಕೆಗಳನ್ನೇ. ಚಕ್ಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಹರಳಿನೊಳಗೆ ಸೇರಿಕೊಂಡ ನೀರೇ. ಮೆಗ್ನೀಷಿಯಂ ಇರುವುದು ಶೇ. 12ರಷ್ಟು ಮಾತ್ರ.

1954ರಲ್ಲಿ ಭಾವನಗರದಲ್ಲಿ ಆರಂಭವಾದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಈ ಕಹಿನೀರನ್ನು ಸದುಪಯೋಗ ಮಾಡುವ ವಿಧಾನಗಳ ಮೇಲೆ ಬಹಳ ಕೆಲಸ ಮಾಡಿದೆ.

ಆ ನೀರಿನಲ್ಲಿ ನಿಂತ ಕಾಲುಗಳು

ಸಣ್ಣ ರಣ್‌ನಲ್ಲಿ ಸಮುದ್ರದ ನೀರನ್ನು ಹಾಯಿಸುವುದಿಲ್ಲ. ಮಳೆಗಾಲದಲ್ಲಿ ಸರೋವರದಂತೆ ತುಂಬುವ ಆ ಬಯಲು ಅಕ್ಟೋಬರ್ ಹೊತ್ತಿಗೆ ಬತ್ತುತ್ತದೆ. ಆಗ ಅಗರಿಯಾ ಕುಟುಂಬಗಳು ಮಕ್ಕಳುಮರಿ, ಪಾತ್ರೆಪಗಡದ ಸಮೇತ ಒಳಗೆ ಹೋಗಿ ಗುಡಿಸಲು ಹಾಕುತ್ತವೆ. ಬಾವಿ ತೋಡಿದರೆ ಸಿಗುವುದು ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಿರುವ ನೀರು. ಅದನ್ನು ಪಂಪ್ ಮಾಡಿ, ತುಳಿದು ಹದಗೊಳಿಸಿದ ಗದ್ದೆಗಳಿಗೆ ಬಿಡುತ್ತಾರೆ. ಹಿಂದೆ ಸಂಪಾದನೆಯ ದೊಡ್ಡ ಪಾಲು ಪಂಪಿನ ಡೀಸೆಲಿಗೇ ಹೋಗುತ್ತಿತ್ತು. ಈಚಿನ ವರ್ಷಗಳಲ್ಲಿ ಸಬ್ಸಿಡಿಯ ಸೌರ ಪಂಪುಗಳು ಬಂದು ಹಲವರಿಗೆ ಉಸಿರಾಡುವಂತಾಗಿದೆ. ಕುಡಿಯುವ ನೀರು ಮಾತ್ರ ಇಂದಿಗೂ ಟ್ಯಾಂಕರಿನಲ್ಲೇ ಬರಬೇಕು.

ಗದ್ದೆಗೆ ನೀರು ಬಿಟ್ಟರೆ ಮುಗಿಯಲಿಲ್ಲ. ದಪ್ಪ ಹರಳು ಬೆಳೆಯಬೇಕಾದರೆ ಮರದ ಹಲ್ಲುಗಳಿರುವ ಉದ್ದನೆಯ ಕೋಲಿನಿಂದ ದಿನವೂ ತಳವನ್ನು ಕೆದಕುತ್ತಿರಬೇಕು. ತಿಂಗಳುಗಟ್ಟಲೆ ಗಂಡಸರು, ಹೆಂಗಸರು ನಿಲ್ಲುವುದು ಆ ನೀರಿನಲ್ಲೇ. ಅಂಗಾಲು ಬಿರಿಯುತ್ತದೆ, ಬಿರಿದಲ್ಲಿ ಉಪ್ಪು ಇಳಿಯುತ್ತದೆ, ಮತ್ತೆ ಮತ್ತೆ ಹುಣ್ಣಾಗಿ ಚರ್ಮ ತೊಗಲಿನಂತೆ ಗಡಸಾಗುತ್ತದೆ. ಉಪ್ಪಿನ ಬಿಳುಪಿಗೆ ಬಿಸಿಲು ಹೊಡೆದು ಕಣ್ಣಿನ ತೊಂದರೆಯೂ ಸಾಮಾನ್ಯ. ಅಗರಿಯಾ ಸತ್ತರೆ ಚಿತೆಯಲ್ಲಿ ದೇಹವೆಲ್ಲ ಬೆಂದರೂ ಪಾದ ಬೇಯುವುದಿಲ್ಲ, ಅದನ್ನು ಬೇರೆಯಾಗಿ ಉಪ್ಪಿನೊಂದಿಗೆ ಹೂಳಬೇಕಾಗುತ್ತದೆ ಎಂಬ ಮಾತು ಆ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ. ರಬ್ಬರ್ ಬೂಟು ಕೊಡುವ ಯೋಜನೆಗಳು ಬಂದಿವೆ. ಆದರೆ ಬಿಸಿಲಿನಲ್ಲಿ ಕಾದ ಬೂಟು ತೊಟ್ಟು ಕೆಸರಿನಲ್ಲಿ ದಿನವಿಡೀ ದುಡಿಯುವುದು ಎಷ್ಟು ಕಷ್ಟ ಎಂಬುದನ್ನು ಬೂಟು ಹಂಚಿದವರು ಬಲ್ಲರೋ ಇಲ್ಲವೋ.

ಚರ್ಮ ಮೃದುವಾಗಲಿ ಎಂದು ಪೇಟೆಯವರು ಹಚ್ಚಿಕೊಳ್ಳುವ ಲವಣ ಬರುವುದು ಈ ಪಾದಗಳು ನಿಂತ ನೀರಿನಿಂದ. ಇದರಲ್ಲಿ ವಿರೋಧವೇನೂ ಇಲ್ಲ. ನಾಲ್ಕು ಹನಿ ಹಚ್ಚಿ ತೊಳೆಯುವುದಕ್ಕೂ ವರ್ಷಕ್ಕೆ ಏಳೆಂಟು ತಿಂಗಳು ಅದರಲ್ಲೇ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಆದರೆ ಅವರಿಗೆ ಸಿಗುವ ದುಡ್ಡು ಉಪ್ಪಿನ ಟನ್ ಲೆಕ್ಕದಲ್ಲಿ, ಇಲ್ಲಿಯ ಸೀಸೆ ಮಾರಾಟವಾಗುವುದು ಮಿಲಿಲೀಟರ್ ಲೆಕ್ಕದಲ್ಲಿ. ಕಾಡುಕತ್ತೆಗಳ ಅಭಯಾರಣ್ಯವೂ ಆಗಿರುವ ಆ ನೆಲದಲ್ಲಿ ಅಗರಿಯಾಗಳ ಹಕ್ಕು ಎಷ್ಟು ಎಂಬ ಪ್ರಶ್ನೆ ದಶಕಗಳಿಂದ ತೂಗಾಡುತ್ತಲೇ ಇದೆ.

ಹೊರದೇಶದ ಮಾಲು

ಸೀಸೆಗಳ ಮೇಲೆ 'ಝೆಕ್‌ಸ್ಟೈನ್' ಎಂಬ ಹೆಸರು ಕಂಡರೆ ಅದು ಯೂರೋಪಿನದು ಎಂದು ತಿಳಿಯಬೇಕು. ಸುಮಾರು 25 ಕೋಟಿ ವರ್ಷಗಳ ಹಿಂದೆ ಉತ್ತರ ಯೂರೋಪಿನಲ್ಲಿದ್ದ ಒಂದು ಸಮುದ್ರ ಬತ್ತಿ, ಅದರ ಲವಣಗಳು ನೆಲದಾಳದಲ್ಲಿ ಹೂತುಹೋದವು. ನೆದರ್‌ಲೆಂಡ್ಸ್‌ನ ವೀಂಡಮ್ ಎಂಬಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳದ ಆ ಪದರಕ್ಕೆ ಕೊಳವೆ ಇಳಿಸಿ, ನೀರು ಬಿಟ್ಟು, ಕರಗಿದ ಲವಣವನ್ನು ಮೇಲಕ್ಕೆತ್ತುತ್ತಾರೆ. ಅದೂ ಬತ್ತಿದ ಸಮುದ್ರದ ಕಹಿನೀರೇ. ಖಾರಾಘೋಡಾದಲ್ಲಿ ಬಿಸಿಲು ಒಂದು ಋತುವಿನಲ್ಲಿ ಮಾಡುವುದನ್ನು ಅಲ್ಲಿ ಪ್ರಕೃತಿ ಯಾವಾಗಲೋ ಮಾಡಿ ಮುಗಿಸಿತ್ತು. ಇಂದಿನ ಕಡಲಿನ ಮಾಲಿನ್ಯ ತಟ್ಟದ ಲವಣ ಎಂಬುದು ಅದರ ಹೆಚ್ಚುಗಾರಿಕೆ. ಇನ್ನೊಂದು ಮೂಲ ಇಸ್ರೇಲ್, ಜೋರ್ಡಾನ್ ನಡುವಿನ ಮೃತ ಸಮುದ್ರ. ಅದರ ನೀರಿನಲ್ಲಿ ಅಡುಗೆ ಉಪ್ಪಿಗಿಂತ ಮೆಗ್ನೀಷಿಯಂ ಕ್ಲೋರೈಡೇ ಹೆಚ್ಚು. ಆ ಸಮುದ್ರದ ಮಟ್ಟ ವರ್ಷಕ್ಕೆ ಒಂದು ಮೀಟರಿನಷ್ಟು ಕುಸಿಯುತ್ತಿದೆ.

ಆಗರವೇ ಇಲ್ಲದೆಯೂ ಈ ಲವಣ ತಯಾರಾಗುತ್ತದೆ. ಮ್ಯಾಗ್ನಸೈಟ್ ಎಂಬ ಬಿಳಿಕಲ್ಲನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಮೆಗ್ನೀಷಿಯಂ ಕ್ಲೋರೈಡ್, ಗಂಧಕಾಮ್ಲದಲ್ಲಿ ಕರಗಿಸಿದರೆ ಎಪ್ಸಂ ಸಾಲ್ಟ್. ಈ ಕಲ್ಲು ತಮಿಳುನಾಡಿನ ಸೇಲಂನಲ್ಲಿ ಹೇರಳ. ಮೈಸೂರು ಜಿಲ್ಲೆಯ ದೊಡ್ಡಕಾನ್ಯದಲ್ಲೂ ಅದರ ಗಣಿ ಇದೆ. ಅಂದಹಾಗೆ ಎಪ್ಸಂ ಸಾಲ್ಟ್ ಬೇರೆ, ಮೆಗ್ನೀಷಿಯಂ ಎಣ್ಣೆ ಬೇರೆ. ಮೊದಲನೆಯದು ಸಲ್ಫೇಟ್. ಎರಡನ್ನೂ ಒಂದೇ ಎಂದು ಕೊಡುವ ಅಂಗಡಿಗಳಿವೆ.

ಯಾವ ಮೂಲದ್ದೇ ಆಗಲಿ, ಮೈಗೆ ಹಚ್ಚುವವರು ನೋಡಬೇಕಾದದ್ದು ಶುದ್ಧತೆ. ಇದೇ ಲವಣ ಗೋಣಿಗಟ್ಟಲೆ ನೆಲಹಾಸಿನ ಸಿಮೆಂಟಿಗೆ, ರಸ್ತೆಯ ಧೂಳಡಗಿಸಲು, ಚಳಿದೇಶಗಳಲ್ಲಿ ರಸ್ತೆಯ ಹಿಮ ಕರಗಿಸಲು ಹೋಗುತ್ತದೆ. ಆ ದರ್ಜೆಯ ಮಾಲಿನಲ್ಲಿ ಕಬ್ಬಿಣ, ಬ್ರೋಮೈಡ್, ಕೆಲವೊಮ್ಮೆ ಭಾರಲೋಹಗಳು ಉಳಿದಿರಬಹುದು. ಅದನ್ನೇ ನೀರಿನಲ್ಲಿ ಕರಗಿಸಿ ಸೀಸೆಗೆ ತುಂಬಿದರೆ ಕಣ್ಣಿಗೆ ಗೊತ್ತಾಗದು. ಹಳದಿ ಅಥವಾ ಕಂದು ಛಾಯೆ ಕಂಡರೆ ಮಾತ್ರ ಸಂಶಯಪಡಬಹುದು. ಆದ್ದರಿಂದ ಚಕ್ಕೆ ಕೊಳ್ಳುವಾಗ ಐ.ಪಿ., ಬಿ.ಪಿ. ಅಥವಾ ಯು.ಎಸ್.ಪಿ. ಎಂಬ ಔಷಧ ದರ್ಜೆಯ ಗುರುತು ಇದೆಯೇ ಎಂದು ನೋಡಬೇಕು. ಸೌಂದರ್ಯವರ್ಧಕವಾಗಿ ಮಾರುವ ಸೀಸೆಯಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ತಯಾರಕರ ಹೆಸರು-ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿರುವ ಪದಾರ್ಥಗಳ ಪಟ್ಟಿ ಇರಲೇಬೇಕು. 'ಶುದ್ಧ ಸಾಗರದ ವರದಾನ' ಎಂದು ಮಾತ್ರ ಬರೆದು ಉಳಿದದ್ದನ್ನು ಬಿಟ್ಟಿದ್ದರೆ ಅಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು.

ಗುಣವೆಷ್ಟು?

ಚರ್ಮದ ಮೂಲಕ ಮೆಗ್ನೀಷಿಯಂ ರಕ್ತಕ್ಕೆ ಸೇರಿ ದೇಹದ ಕೊರತೆಯನ್ನು ನೀಗುತ್ತದೆ ಎಂಬುದೇ ಮಾರಾಟದ ಮುಖ್ಯ ಮಾತು. 2017ರಲ್ಲಿ 'ನ್ಯೂಟ್ರಿಯೆಂಟ್ಸ್' ಪತ್ರಿಕೆಯಲ್ಲಿ ಜರ್ಮನಿಯ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ಮಾತಿಗೆ ವಿಜ್ಞಾನದ ಸಾಕಷ್ಟು ಆಧಾರವಿಲ್ಲ ಎಂದು ಬರೆದರು. ಚರ್ಮದ ಮಟ್ಟಿಗೆ ಹೇಳುವುದಾದರೆ ಸ್ವಲ್ಪ ಸಮಾಧಾನವಿದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಣಗಿ ತುರಿಸುವ ಚರ್ಮದವರು ಶೇ. 5ರಷ್ಟು ಮೃತ ಸಮುದ್ರದ ಉಪ್ಪು ಬೆರೆಸಿದ ನೀರಿನಲ್ಲಿ 15 ನಿಮಿಷ ಕೈ ಮುಳುಗಿಸಿದಾಗ ಚರ್ಮದ ತೇವ, ಒರಟುತನ ಸುಧಾರಿಸಿದ್ದು ಕಂಡುಬಂದಿತ್ತು. ಅಲ್ಲಿಯೂ ಬಳಸಿದ್ದು ತೆಳು ದ್ರಾವಣ ಎಂಬುದನ್ನು ಗಮನಿಸಬೇಕು. ದೇಹಕ್ಕೆ ಮೆಗ್ನೀಷಿಯಂ ಬೇಕೆಂದರೆ ರಾಗಿ, ಎಳ್ಳು, ಹುರುಳಿ, ಬಸಳೆ, ಹರಿವೆ ಅಡುಗೆಮನೆಯಲ್ಲೇ ಇವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಇದೆ.

ಹಚ್ಚಿದ ಕೂಡಲೇ ಚುರುಚುರು ಎಂದರೆ ಅದು ದೇಹದಲ್ಲಿ ಮೆಗ್ನೀಷಿಯಂ ಕೊರತೆ ಇರುವುದರ ಲಕ್ಷಣ ಎಂದು ಹೇಳಿ ಮತ್ತೊಂದು ಸೀಸೆ ಮಾರುವ ಚಾಳಿಯೂ ಇದೆ. ದಟ್ಟ ಉಪ್ಪಿನ ನೀರು ಯಾರ ಚರ್ಮಕ್ಕೂ ಚುರುಗುಟ್ಟುತ್ತದೆ. ಕ್ಷೌರ ಮಾಡಿದ ಮುಖ, ಗೀರುಗಾಯ, ಕಣ್ಣಿನ ಸುತ್ತ ತಾಗಿಸಬಾರದು. ಕಿಡ್ನಿಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಅವರ ದೇಹ ಹೆಚ್ಚಾದ ಮೆಗ್ನೀಷಿಯಮನ್ನು ಹೊರಹಾಕಲಾರದು. ಹಚ್ಚುವ ಸೀಸೆಯಿಂದ ಚಮಚೆ ತುಂಬಿ ಕುಡಿಯುವುದಂತೂ ಯಾರಿಗೂ ಸಲ್ಲ.

ಮನೆಯಲ್ಲೇ ಮಾಡುವವರಿಗೆ ಲೆಕ್ಕ ಸರಳ. ತೂಕದಲ್ಲಿ ಎರಡು ಪಾಲು ಔಷಧ ದರ್ಜೆಯ ಚಕ್ಕೆ, ಒಂದು ಪಾಲು ಬಿಸಿಯಾದ ಡಿಸ್ಟಿಲ್ಡ್ ನೀರು. ಕಲಕಿ, ತಣ್ಣಗಾದ ಮೇಲೆ ಸೋಸಿದರೆ ಪೇಟೆಯ ಸೀಸೆಯಷ್ಟೇ ದಟ್ಟವಾದ ಶೇ. 31ರ ದ್ರಾವಣ ಸಿದ್ಧ. ಮೊದಲ ಸಲ ಹಚ್ಚುವವರು ಅದಕ್ಕೆ ಇನ್ನೂ ನಾಲ್ಕೈದು ಪಾಲು ನೀರು ಬೆರೆಸಿ, ಮೊಣಕೈ ಕೆಳಗೆ ಸ್ವಲ್ಪ ಹಚ್ಚಿ ನೋಡಿ, ಇಪ್ಪತ್ತು ನಿಮಿಷದ ನಂತರ ತೊಳೆಯಬಹುದು. ಕಾಯಿಸುವುದು, ಇಡುವುದು ಎಲ್ಲ ಗಾಜಿನ ಪಾತ್ರೆಯಲ್ಲೇ ಆಗಬೇಕು. ಅಲ್ಯೂಮಿನಿಯಂ, ಕಬ್ಬಿಣವನ್ನು ಈ ನೀರು ತಿಂದುಹಾಕುತ್ತದೆ. ಉಳಿದ ಚಕ್ಕೆಯ ಡಬ್ಬಿಯ ಮುಚ್ಚಳ ಭದ್ರವಾಗಿರಲಿ, ಇಲ್ಲದಿದ್ದರೆ ಜುಲೈ ತಿಂಗಳ ಮುಂಬಯಿಯಲ್ಲಿ ನಾಲ್ಕು ದಿನಕ್ಕೆ ಡಬ್ಬಿಯಲ್ಲಿ ಚಕ್ಕೆ ಇರುವುದಿಲ್ಲ, ಮರಿಗೆಯ ಅಡಿಯ ನೀರೇ ಇರುತ್ತದೆ.